ಎರಡು ಲಕ್ಷ ರೂಪಾಯಿಗೆ ಫೈರ್‌ವಾಲೋ, ಟ್ರೈನಿಂಗೋ?

ಆಷಾಢದ ಒಂದು ಮಧ್ಯಾಹ್ನ ಹೊಸನಗರ ಕಡೆಯ ಪತ್ತಿನ ಸೊಸೈಟಿಯೊಂದಕ್ಕೆ ಹೋಗಿದ್ದೆ. ಹೊರಗೆ ಜಡಿಮಳೆ. ಬೆಳಗಿನಿಂದ ಕರೆಂಟಿಲ್ಲ. ಇನ್ವರ್ಟರ್ ಮೇಲೆ ಮೂರು ಕಂಪ್ಯೂಟರ್ ಓಡುತ್ತಿದ್ದವು. ಕಾಫಿ ತರಿಸಿದ ಸೆಕ್ರೆಟರಿ ನೇರ ವಿಷಯಕ್ಕೆ ಬಂದರು. "ಈ ಸಲ ಕಂಪ್ಯೂಟರ್ ಭದ್ರತೆಗೆ ಅಂತ ಬಜೆಟ್ಟಲ್ಲಿ ಎರಡು ಲಕ್ಷ ಇಟ್ಟಿದೀವಿ ಮಾರಾಯ್ರೇ. ಬೆಂಗಳೂರಿನವ್ರು ಒಬ್ರು ಫೈರ್‌ವಾಲ್ ಹಾಕ್ಸಿ ಅಂತಾರೆ. ಶಿವಮೊಗ್ಗದವ್ರು ಇನ್ನೊಬ್ರು ಸಿಬ್ಬಂದಿಗೆ ಎರಡು ದಿನ ಟ್ರೈನಿಂಗ್ ಕೊಟ್ಟು ಸರ್ಟಿಫಿಕೇಟೂ ಕೊಡ್ತೀವಿ ಅಂತಾರೆ. ಯಾವುದು ಮಾಡೋದು ಹೇಳಿ."

ಸಹಕಾರ ಸಂಘಗಳು, ಸಣ್ಣ ಕಾರ್ಖಾನೆಗಳ ಕಂಪ್ಯೂಟರ್ ವ್ಯವಸ್ಥೆ ನೋಡಿಕೊಳ್ಳುವುದು ನನ್ನ ಕಸುಬು. ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದಲ್ಲೂ ಎಪಿಎಂಸಿ ಯಾರ್ಡಿನ ಮಂಡಿಯಲ್ಲೂ ಇದೇ ಪ್ರಶ್ನೆ ನನ್ನ ಕಿವಿಗೆ ಬಿದ್ದಿದೆ. ಇದ್ದ ದುಡ್ಡನ್ನು ಹೊರಗಿನ ಜಾಲದಿಂದ ಬರುವುದನ್ನು ಸೋಸುವ ಫೈರ್‌ವಾಲ್‌ನಂಥ ಯಂತ್ರಕ್ಕೆ ಹಾಕಬೇಕೋ, ಮನುಷ್ಯರಿಗೆ ಹಾಕಬೇಕೋ? ಆ ದಿನ ನಾನು ಕೊಟ್ಟ ಉತ್ತರ ಅರ್ಧಂಬರ್ಧವಾಗಿತ್ತು. ಉಳಿದರ್ಧವನ್ನು ಇಲ್ಲಿ ಹೇಳುತ್ತೇನೆ.

ಟ್ರೈನಿಂಗ್ ಮಾರುವವರು ಸಾಮಾನ್ಯವಾಗಿ ಒಂದು ಅಂಕಿಯಿಂದ ಮಾತು ಶುರು ಮಾಡುತ್ತಾರೆ. ಅಮೆರಿಕದ ವೆರೈಝನ್ ಕಂಪನಿ ಪ್ರತಿವರ್ಷ ಡೇಟಾ ಸೋರಿಕೆಗಳ ಬಗ್ಗೆ ವರದಿ ತರುತ್ತದೆ. 2023ರ ವರದಿಯಲ್ಲಿ ಶೇ 74ರಷ್ಟು ಸೋರಿಕೆಗಳಲ್ಲಿ ಮನುಷ್ಯರ ಪಾತ್ರವಿತ್ತು ಎಂದಿತ್ತು. ಆಮೇಲೆ ಲೆಕ್ಕ ಹಾಕುವ ಕ್ರಮ ಕೊಂಚ ಬದಲಾಗಿ, 2024ರಲ್ಲಿ ಅದು ಶೇ 68, 2025ರಲ್ಲಿ ಶೇ 60ರ ಆಸುಪಾಸು. ಅಂಕಿ ಸರಿಯಾಗಿಯೇ ಇದೆ. ಆದರೆ ಸಿಬ್ಬಂದಿಗೆ ಪಾಠ ಹೇಳಿಬಿಟ್ಟರೆ ಅಷ್ಟೂ ಅಪಾಯ ತೊಲಗುತ್ತದೆ ಎಂದು ಅದರಿಂದ ಹೇಳಲು ಬರುವುದಿಲ್ಲ. 2023ರ ಆ ಲೆಕ್ಕದಲ್ಲಿ ಮೋಸದ ಮೇಲ್‌ಗೆ ಬಿದ್ದವರ ಜೊತೆ, ಕದ್ದ ಪಾಸ್‌ವರ್ಡಿನಿಂದ ಒಳಹೊಕ್ಕ ಪ್ರಕರಣಗಳೂ ಸೇರಿವೆ, ಕಣ್ತಪ್ಪಿನಿಂದ ಆದವೂ ಸೇರಿವೆ, ಬೇಕೆಂದೇ ಅಧಿಕಾರ ದುರುಪಯೋಗ ಮಾಡಿಕೊಂಡವೂ ಸೇರಿವೆ. ರಸ್ತೆ ಅಪಘಾತಗಳಲ್ಲಿ ಚಾಲಕರ ತಪ್ಪೇ ಹೆಚ್ಚು ಎಂದು ನಮಗೆ ಗೊತ್ತು. ಗೊತ್ತಿದ್ದೂ ಆಗುಂಬೆ ಘಾಟಿಯ ತಿರುವಿಗೆ ತಡೆಗೋಡೆ ಕಟ್ಟುತ್ತೇವೆ. ಯಾರೋ ಒಬ್ಬರು ಎಂದೋ ಒಮ್ಮೆ ತಪ್ಪುತ್ತಾರೆ ಎಂಬುದನ್ನು ಒಪ್ಪಿಕೊಂಡೇ ಆ ಗೋಡೆ ಕಟ್ಟಿರುವುದು.

ಅದೇ ವೆರೈಝನ್‌ನ 2024ರ ವರದಿಯಲ್ಲಿರುವ ಇನ್ನೊಂದು ವಿವರ ನನಗೆ ಹೆಚ್ಚು ಮುಖ್ಯವಾಗಿ ಕಂಡಿದೆ. ಮೋಸದ ಮೇಲ್ ತೆರೆದವರು ಲಿಂಕ್ ಒತ್ತಲು ತೆಗೆದುಕೊಂಡ ಮಧ್ಯಮ ಸಮಯ 21 ಸೆಕೆಂಡ್. ಅಲ್ಲಿಂದ ಮಾಹಿತಿ ತುಂಬಲು ಇನ್ನು 28 ಸೆಕೆಂಡ್. ಒಂದು ನಿಮಿಷವೂ ಇಲ್ಲ. ಕೌಂಟರಿನ ಎದುರು ಹತ್ತು ಜನ ಪಾಸ್‌ಬುಕ್ ಹಿಡಿದು ನಿಂತಿರುವಾಗ ಆ ಒಂದು ನಿಮಿಷದಲ್ಲಿ ಎರಡು ದಿನದ ತರಗತಿಯ ಪಾಠ ನೆನಪಿಗೆ ಬರಲಿ ಎಂದು ಕ್ಯಾಷಿಯರಿಂದ ನಿರೀಕ್ಷಿಸುವುದು ನ್ಯಾಯವೂ ಅಲ್ಲ, ವಿವೇಕವೂ ಅಲ್ಲ.

ಪಾಠ ಎಷ್ಟು ಹತ್ತುತ್ತದೆ?

ಇದನ್ನು ದೊಡ್ಡ ಪ್ರಮಾಣದಲ್ಲಿ ಪರೀಕ್ಷಿಸಿದವರಿದ್ದಾರೆ. ಅಮೆರಿಕದ ಸ್ಯಾನ್ ಡಿಯಾಗೊದಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಆಸ್ಪತ್ರೆ ಸಮೂಹದಲ್ಲಿ ಸುಮಾರು 19,500 ನೌಕರರ ಮೇಲೆ ಎಂಟು ತಿಂಗಳು ನಡೆದ ಅಧ್ಯಯನ 2025ರಲ್ಲಿ ಪ್ರಕಟವಾಯಿತು. ಸಂಸ್ಥೆಯೇ ಹತ್ತು ಬಾರಿ ಸುಳ್ಳು ಮೇಲ್‌ಗಳನ್ನು ಗಾಳದಂತೆ ಎಸೆದು, ಬಿದ್ದವರಿಗೆ ಅಲ್ಲೇ ಪಾಠ ತೋರಿಸುತ್ತಿತ್ತು. ಪಾಠ ಸಿಕ್ಕವರಿಗೂ ಸಿಗದವರಿಗೂ ನಡುವೆ, ಮೋಸಹೋಗುವುದರಲ್ಲಿ ಕಂಡ ವ್ಯತ್ಯಾಸ ಶೇ 1.7 ಅಷ್ಟೇ. ಪಾಠದ ಪುಟ ತೆರೆದುಕೊಂಡಾಗ ಬಹುಪಾಲು ಜನ ಒಂದು ನಿಮಿಷದೊಳಗೇ ಅದನ್ನು ಬಿಟ್ಟು ಹೋಗಿದ್ದರು. ಎಂಟು ತಿಂಗಳು ಮುಗಿಯುವ ಹೊತ್ತಿಗೆ ಅರ್ಧಕ್ಕಿಂತ ಹೆಚ್ಚು ಜನ ಒಮ್ಮೆಯಾದರೂ ಗಾಳ ಕಚ್ಚಿದ್ದರು.

ಅದರಲ್ಲೊಂದು ಸಂಗತಿಯನ್ನು ಯಾವ ಮ್ಯಾನೇಜರೂ ಮರೆಯಬಾರದು. ಪಾಸ್‌ವರ್ಡ್ ಬದಲಿಸಿ ಎಂಬ ಹಳೇ ಮೇಲ್‌ಗೆ ಬಿದ್ದವರು ಶೇ 2ಕ್ಕಿಂತ ಕಡಿಮೆ. ರಜೆಯ ನಿಯಮ ಬದಲಾಗಿದೆ ನೋಡಿ ಎಂಬ ಮೇಲ್‌ಗೆ ಬಿದ್ದವರು ಶೇ 30ಕ್ಕಿಂತ ಹೆಚ್ಚು. ಅದೇ ಆಸ್ಪತ್ರೆ, ಅದೇ ಸಿಬ್ಬಂದಿ. ಬದಲಾಗಿದ್ದು ಗಾಳಕ್ಕೆ ಸಿಕ್ಕಿಸಿದ ಎರೆಹುಳ ಮಾತ್ರ. ಶಿವಮೊಗ್ಗದ ಕಚೇರಿಯೊಂದಕ್ಕೆ ತುಟ್ಟಿಭತ್ಯೆ ಬಾಕಿಯ ಪಟ್ಟಿ ಎಂದೋ, ಅಡಿಕೆ ವ್ಯಾಪಾರಿಗೆ ಜಿಎಸ್‌ಟಿ ನೋಟಿಸ್ ಎಂದೋ ಬರುವ ಮೇಲ್ ಯಾರನ್ನು ಬಿಟ್ಟೀತು? ಮಳೆಗಾಲ ಮುಗಿದು ಕೊಳೆರೋಗದ ಬೆಳೆಪರಿಹಾರದ ಮಾತು ನಡೆಯುವಾಗ "ಫಲಾನುಭವಿಗಳ ಪಟ್ಟಿ" ಎಂಬ ಎಪಿಕೆ ಕಡತ (ಒತ್ತಿದರೆ ಫೋನಿಗೆ ಆ್ಯಪ್ ಹಾಕುವಂಥದ್ದು) ವಾಟ್ಸ್‌ಆ್ಯಪಿನಲ್ಲಿ ಬಂದರೆ ನಾನೇ ಒಂದು ಕ್ಷಣ ತಡವರಿಸಬಹುದು.

ಹಾಗಾದರೆ ಟ್ರೈನಿಂಗ್ ದಂಡವೇ? ಅಲ್ಲ. ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನ ಇಟಿಎಚ್ ವಿಶ್ವವಿದ್ಯಾಲಯದವರು ಒಂದು ಕಂಪನಿಯ 14,000ಕ್ಕೂ ಹೆಚ್ಚು ನೌಕರರನ್ನು 15 ತಿಂಗಳು ಗಮನಿಸಿದರು. ಬಿದ್ದವರಿಗೆ ಪಾಠ ತೋರಿಸಿದ್ದರಿಂದ ಅಲ್ಲೂ ಲಾಭ ಕಾಣಲಿಲ್ಲ. ಆದರೆ ಅನುಮಾನ ಬಂದ ಮೇಲ್ ಅನ್ನು ಒಂದು ಗುಂಡಿ ಒತ್ತಿ ವರದಿ ಮಾಡಿ ಎಂದಾಗ ಜನ ತಿಂಗಳುಗಟ್ಟಲೆ ಬೇಸರವಿಲ್ಲದೆ ವರದಿ ಮಾಡಿದರು, ಮೇಲ್ ಬಂದ ಕೆಲವೇ ನಿಮಿಷಗಳಲ್ಲಿ ಮಾಡಿದರು. ಸಾವಿರ ಜನರಲ್ಲಿ ಹತ್ತು ಜನ ಬೇಗ ಕೂಗಿ ಹೇಳಿದರೂ ಉಳಿದವರ ಡಬ್ಬಿಯಿಂದ ಆ ಮೇಲ್ ತೆಗೆದುಹಾಕಬಹುದು. ಪ್ರತಿಯೊಬ್ಬನನ್ನೂ ಪತ್ತೇದಾರನಾಗಿ ಮಾಡುವ ಪಾಠ ಸೋಲುತ್ತದೆ. ಅನುಮಾನ ಬಂದ ತಕ್ಷಣ ಯಾರಿಗೆ ಹೇಳಬೇಕು ಎಂಬ ಸಣ್ಣ ಪಾಠ ಗೆಲ್ಲುತ್ತದೆ. ನನ್ನ ವಾದವೆಲ್ಲ ನಿಂತಿರುವುದು ಈ ವ್ಯತ್ಯಾಸದ ಮೇಲೆ.

ಯಂತ್ರ ಕೂಗಿದರೂ ಕೇಳಿಸಿಕೊಳ್ಳುವವರಿಲ್ಲ

ಇನ್ನು ಫೈರ್‌ವಾಲ್ ಮಾರುವವರ ಕಡೆಗೆ ಬರೋಣ. 2013ರಲ್ಲಿ ಅಮೆರಿಕದ ಟಾರ್ಗೆಟ್ ಅಂಗಡಿ ಸರಣಿಯಿಂದ ಸುಮಾರು 4 ಕೋಟಿ ಕಾರ್ಡುಗಳ ಮಾಹಿತಿ ಕಳುವಾಯಿತು. ಅದಕ್ಕೆ ಕೆಲವು ತಿಂಗಳ ಹಿಂದಷ್ಟೇ ಆ ಕಂಪನಿ 16 ಲಕ್ಷ ಡಾಲರ್ ಖರ್ಚಿನಲ್ಲಿ ಆ ಕಾಲದ ಅತ್ಯುತ್ತಮ ಪತ್ತೆ ವ್ಯವಸ್ಥೆಯೊಂದನ್ನು ಹಾಕಿಸಿಕೊಂಡಿತ್ತು. ಆ ವ್ಯವಸ್ಥೆ ತನ್ನ ಕೆಲಸ ಮಾಡಿತು. ನವೆಂಬರ್ 30ರಂದು ಎಚ್ಚರಿಕೆ ಬಂತು. ಅದನ್ನು ಮೊದಲು ಕಂಡವರು ನಮ್ಮ ಬೆಂಗಳೂರಿನಲ್ಲಿ ಕೂತು ಹಗಲೂ ರಾತ್ರಿ ಕಾವಲು ಕಾಯುತ್ತಿದ್ದ ತಂಡದವರು. ಅವರು ಮಿನಿಯಾಪೊಲಿಸ್‌ನ ಮುಖ್ಯ ಕಚೇರಿಗೆ ತಿಳಿಸಿದರು. ಅಲ್ಲಿ ಯಾರೂ ಎದ್ದು ಏನೂ ಮಾಡಲಿಲ್ಲ. ಕೆಟ್ಟ ಕಡತವನ್ನು ತಾನಾಗಿ ಅಳಿಸುವ ಸೌಲಭ್ಯ ಅದೇ ಯಂತ್ರದಲ್ಲಿತ್ತು. ಅದನ್ನು ಆಫ್ ಮಾಡಿ ಇಡಲಾಗಿತ್ತು. ಕಳ್ಳರು ಒಳಬಂದ ಬಾಗಿಲಂತೂ ಅಂಗಡಿಗಳ ಎಸಿ, ಫ್ರಿಜ್ ನೋಡಿಕೊಳ್ಳುತ್ತಿದ್ದ ಹೊರಗಿನ ಗುತ್ತಿಗೆದಾರರ ಪಾಸ್‌ವರ್ಡ್.

ಅಷ್ಟು ದೊಡ್ಡ ಕಂಪನಿಯಲ್ಲೇ ಹೀಗಾದರೆ, ಫೈರ್‌ವಾಲಿನ ಎಚ್ಚರಿಕೆ ಸಂದೇಶಗಳು ಯಾರೂ ತೆರೆಯದ ಜಿಮೇಲ್ ಖಾತೆಗೆ ಹೋಗಿ ಬೀಳುವ ನಮ್ಮ ಕಚೇರಿಗಳ ಗತಿಯೇನು? ನಾನು ನೋಡಿದ ಕಚೇರಿಯೊಂದರಲ್ಲಿ ಫೈರ್‌ವಾಲಿನ ವಾರ್ಷಿಕ ಪರವಾನಗಿ ಮುಗಿದು ಒಂದೂವರೆ ವರ್ಷವಾಗಿತ್ತು. ದೀಪ ಮಾತ್ರ ಹಸಿರಾಗಿ ಮಿನುಗುತ್ತಿತ್ತು, ಎಲ್ಲರೂ ನೆಮ್ಮದಿಯಾಗಿದ್ದರು.

ತೋಟದವರಿಗೆ ಇದನ್ನು ವಿವರಿಸುವಾಗ ನಾನು ಅಡಿಕೆ ಕೊಯ್ಯುವ ಉದ್ದ ಕೋಲಿನ, ಅಂದರೆ ದೋಟಿಯ ಮಾತು ತೆಗೆಯುತ್ತೇನೆ. ಮೊದಲೆಲ್ಲ ಅಡಿಕೆ ಕೊನೆ ಕೊಯ್ಯುವುದಕ್ಕೂ, ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವುದಕ್ಕೂ ಕೊನೆಗೌಡರು ಮರ ಹತ್ತಲೇಬೇಕಿತ್ತು. ಎಷ್ಟೇ ಪಳಗಿದ ಕೈಯಾದರೂ ಮಳೆಯಲ್ಲಿ ನೆಂದ ಮರದಲ್ಲಿ ಒಮ್ಮೆ ಕಾಲು ಜಾರಿದರೆ ಸೊಂಟ ಮುರಿಯಿತು, ಇಲ್ಲವೇ ಜೀವ ಹೋಯಿತು. ಇನ್ನೂ ಚೆನ್ನಾಗಿ ಹತ್ತಲು ಕಲಿಸುತ್ತೇವೆ ಎನ್ನುವುದು ಅದಕ್ಕೆ ಪರಿಹಾರವಾಗಿರಲಿಲ್ಲ. ಕಾರ್ಬನ್ ಫೈಬರ್ ದೋಟಿ ಬಂತು. ನೆಲದ ಮೇಲೆ ನಿಂತೇ ಕೆಲಸ. ಈಗ ಕೈ ತಪ್ಪಿದರೆ ಒಂದು ಕೊನೆ ಹಾಳು, ಅಷ್ಟೇ. ತಂತ್ರಜ್ಞಾನಕ್ಕೆ ದುಡ್ಡು ಹಾಕುವುದಿದ್ದರೆ ಈ ರೀತಿಯದಕ್ಕೆ ಹಾಕಬೇಕು. ತಪ್ಪು ಆಗಿಯೇ ಆಗುತ್ತದೆ, ಆದಾಗ ಪ್ರಾಣಕ್ಕೆ ಬರಬಾರದು.

ಆದರೆ ದೋಟಿ ಕೊಂಡವರೆಲ್ಲ ಬಳಸಲಿಲ್ಲ ಎಂಬುದೂ ನಮಗೆ ಗೊತ್ತು. ಕಲಿಸುವವರಿಲ್ಲದೆ ಅಟ್ಟ ಸೇರಿದ ದೋಟಿಗಳಿವೆ. ಮಲೆನಾಡಿನಲ್ಲಿ ದೋಟಿ ತರಬೇತಿ ಶಿಬಿರಗಳು ನಡೆದಿದ್ದು ಅದಕ್ಕಾಗಿಯೇ. ಶಿಬಿರದಲ್ಲಿ ಗಟ್ಟಿಯಾಗಿ ಹೇಳಿಕೊಡಬೇಕಾದ ಪಾಠವೆಂದರೆ ಕರೆಂಟ್ ತಂತಿ ಹಾದುಹೋದ ಕಡೆ ದೋಟಿ ಎತ್ತಬೇಡಿ ಎನ್ನುವುದು, ಏಕೆಂದರೆ ಕಾರ್ಬನ್ ಫೈಬರಿನಲ್ಲೂ ವಿದ್ಯುತ್ ಹರಿಯುತ್ತದೆ. ಹೊಸ ಸಲಕರಣೆ ಹಳೆಯ ಅಪಾಯ ತೆಗೆದು ಹೊಸದೊಂದನ್ನು ತರುತ್ತದೆ, ಆ ಹೊಸ ಅಪಾಯದ ಪಾಠವನ್ನು ಸಲಕರಣೆಯ ಜೊತೆಗೇ ಕೊಡಬೇಕು. 2022ರಲ್ಲಿ ಊಬರ್ ಕಂಪನಿಯಲ್ಲಿ ಹೀಗೇ ಆಯಿತು. ಲಾಗಿನ್ ಆಗುವಾಗ ಫೋನಿನಲ್ಲಿ "ಒಪ್ಪಿಗೆ" ಒತ್ತಬೇಕು ಎಂಬ ಎರಡನೆಯ ಬೀಗ ಅಲ್ಲಿತ್ತು. ಕಳ್ಳ ಮತ್ತೆ ಮತ್ತೆ ಒಪ್ಪಿಗೆ ಕೇಳಿ ಫೋನ್ ಬಡಿದುಕೊಳ್ಳುವಂತೆ ಮಾಡಿದ. ಬಳಿಕ ಕಂಪನಿಯ ಐಟಿ ವಿಭಾಗದವನೆಂದು ವಾಟ್ಸ್‌ಆ್ಯಪಿನಲ್ಲಿ ಮಾತಾಡಿಸಿದ. ಕೊನೆಗೆ ಬೇಸತ್ತ ಗುತ್ತಿಗೆ ನೌಕರ ಒಪ್ಪಿಗೆ ಒತ್ತಿಬಿಟ್ಟ. ನೀವು ಲಾಗಿನ್ ಮಾಡದಿದ್ದಾಗ ಒಪ್ಪಿಗೆ ಕೇಳಿದರೆ ಒತ್ತಬೇಡಿ, ಕೂಡಲೇ ಫೋನ್ ಮಾಡಿ ತಿಳಿಸಿ ಎಂಬ ಎರಡು ವಾಕ್ಯದ ಪಾಠ ಬೀಗದ ಜೊತೆಗೇ ಸಿಗಬೇಕಿತ್ತು.

ಹನ್ನೊಂದು ಲಕ್ಷ ಮತ್ತು ಒಂದು ಬೈಗುಳ

ಮಾಚೇನಹಳ್ಳಿ ಕಡೆಯ ಒಂದು ಸಣ್ಣ ಎರಕದ ಘಟಕದಲ್ಲಿ ನಡೆದದ್ದನ್ನು ಹೇಳಬೇಕು. ಕಚ್ಚಾಮಾಲು ಕಳಿಸುವ ಹೊರರಾಜ್ಯದ ಕಂಪನಿಯಿಂದ ಒಂದು ಮೇಲ್ ಬಂತು. "ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಇನ್ನು ಮುಂದೆ ಈ ಖಾತೆಗೆ ಹಾಕಿ." ಹಿಂದಿನ ಪತ್ರವ್ಯವಹಾರದ ಎಳೆಯಲ್ಲೇ ಬಂದಿತ್ತು, ಬಿಲ್ ಸಂಖ್ಯೆಯೂ ಸರಿಯಿತ್ತು. ಲೆಕ್ಕಪತ್ರ ನೋಡುವ ಹುಡುಗಿ ಹನ್ನೊಂದು ಲಕ್ಷ ಚಿಲ್ಲರೆಯನ್ನು ಆರ್‌ಟಿಜಿಎಸ್ ಮಾಡಿದಳು. ಮಧ್ಯಾಹ್ನ ಊಟದ ಹೊತ್ತಿಗೆ ಅಸಲಿ ಕಂಪನಿಯವರು ಹಣ ಯಾವಾಗ ಎಂದು ಫೋನ್ ಮಾಡಿದಾಗ ಅವಳ ಎದೆ ಒಡೆಯಿತು. ಮಾಲೀಕರಿಗೆ ಹೇಳಿದ್ದು ಮರುದಿನ ಬೆಳಿಗ್ಗೆ. ಅಷ್ಟರಲ್ಲಿ ಹಣ ನಾಲ್ಕೈದು ಖಾತೆ ದಾಟಿ ಹೋಗಿತ್ತು.

ಆಗಲೇ ಯಾಕೆ ಹೇಳಲಿಲ್ಲ ಎಂದು ಕೇಳಿದಾಗ ಅವಳು ಹೇಳಿದ್ದು ಇಷ್ಟು. "ಹೋದ ವರ್ಷ ಡಿಸ್ಪ್ಯಾಚ್ ಹುಡುಗಂಗೆ ಎಲ್ರ ಎದ್ರಿಗೆ ಬೈದಿದ್ರಲ್ಲ ಸಾರ್, ಕೆಲಸ ಹೋಗತ್ತೆ ಅಂತ ಹೆದ್ರಿಕೆ ಆಯ್ತು."

ಆ ಘಟಕದಲ್ಲಿ ಒಳ್ಳೆಯ ಆ್ಯಂಟಿವೈರಸ್ ಇತ್ತು. ವರ್ಷಕ್ಕೊಮ್ಮೆ ಅರ್ಧ ದಿನದ ಸೈಬರ್ ಜಾಗೃತಿ ಕಾರ್ಯಕ್ರಮವೂ ನಡೆಯುತ್ತಿತ್ತು. ಎರಡಕ್ಕೂ ದುಡ್ಡು ಕೊಟ್ಟಿದ್ದರು. ಆ ಮೇಲ್‌ನಲ್ಲಿ ವೈರಸ್ ಇರಲಿಲ್ಲ, ಆದ್ದರಿಂದ ಆ್ಯಂಟಿವೈರಸ್ ಹಿಡಿಯಲಿಲ್ಲ. ಅದು ಜಾಗೃತಿ ಕಾರ್ಯಕ್ರಮದಲ್ಲಿ ತೋರಿಸುವ ಲಾಟರಿ ಮೇಲ್‌ನ ಹಾಗೂ ಇರಲಿಲ್ಲ. ಆ ದಿನ ಬೇಕಿದ್ದದ್ದು ಬೇರೆ. ಯಾರದೇ ಬ್ಯಾಂಕ್ ಖಾತೆ ಬದಲಾದರೂ ಹಳೆಯ ಬಿಲ್ಲಿನಲ್ಲಿರುವ ನಂಬರಿಗೆ ಫೋನ್ ಮಾಡಿ ಖಚಿತಪಡಿಸಿಕೊಳ್ಳದೆ ಒಂದು ರೂಪಾಯಿಯನ್ನೂ ಹಾಕಬಾರದು ಎಂಬ ನಿಯಮ ಬೇಕಿತ್ತು. ಮೇಲ್‌ನಲ್ಲಿ ಕೊಟ್ಟ ನಂಬರಿಗೆ ಮಾಡಿದರೆ ಎತ್ತುವವನು ಕಳ್ಳನೇ. ನೆಟ್‌ಬ್ಯಾಂಕಿಂಗಿನಲ್ಲಿ ಒಬ್ಬರು ನಮೂದಿಸಿ ಇನ್ನೊಬ್ಬರು ಮಂಜೂರು ಮಾಡುವ ಏರ್ಪಾಡು ಇರಬೇಕಿತ್ತು. ವ್ಯವಹಾರದ ಖಾತೆಗಳಿಗೆ ಬ್ಯಾಂಕುಗಳು ಈ ಸೌಲಭ್ಯ ಕೊಡುತ್ತವೆ. ಬೈಗುಳದ ಭಯವಂತೂ ಇರಲೇಬಾರದಿತ್ತು.

ಭಯದ ಲೆಕ್ಕ ದುಡ್ಡಿನಲ್ಲೇ ಇದೆ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿದರೆ ಪೊಲೀಸರು ಮತ್ತು ಬ್ಯಾಂಕುಗಳು ಒಂದೇ ಜಾಲದಲ್ಲಿ ಹಣದ ಜಾಡು ಹಿಡಿಯುತ್ತಾರೆ. ಹಣ ಇನ್ನೂ ಯಾವುದಾದರೂ ಖಾತೆಯಲ್ಲಿ ಇದ್ದರೆ ಅಲ್ಲೇ ತಡೆಯುತ್ತಾರೆ. ನಗದಾಗಿ ಹೊರಬಿದ್ದ ಮೇಲೆ ತಡೆಯಲು ಏನೂ ಉಳಿಯುವುದಿಲ್ಲ. ಹಾಗಾಗಿ ಮೊದಲ ಒಂದೆರಡು ಗಂಟೆಗೆ ಇರುವ ಬೆಲೆ ಮರುದಿನಕ್ಕೆ ಇರುವುದಿಲ್ಲ. ಕೇಂದ್ರ ಗೃಹ ಸಚಿವಾಲಯ ಸಂಸತ್ತಿಗೆ ಕೊಟ್ಟ ಲೆಕ್ಕದಂತೆ 2024ರಲ್ಲಿ ದೇಶದ ಜನ ಸೈಬರ್ ವಂಚನೆಯಲ್ಲಿ ಕಳೆದುಕೊಂಡದ್ದು 22,845 ಕೋಟಿ ರೂಪಾಯಿ. ಜಿಲ್ಲೆಗೊಂದು ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಪೊಲೀಸ್ ಠಾಣೆ ಇದೆ, ಶಿವಮೊಗ್ಗದಲ್ಲೂ ಇದೆ. ಮಾಲೀಕರು ಟ್ರೈನಿಂಗ್ ಕೊಡಿಸುವುದಕ್ಕೆ ಮೊದಲು, ತಪ್ಪು ಮಾಡಿ ಒಂದು ಗಂಟೆಯೊಳಗೆ ಹೇಳಿದವರ ಮೇಲೆ ಕ್ರಮವಿಲ್ಲ ಎಂದು ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿ ಗೋಡೆಗೆ ಅಂಟಿಸಲಿ ಎಂದು ಈಗ ನಾನು ಎಲ್ಲ ಕಡೆ ಕೇಳಿಕೊಳ್ಳುತ್ತೇನೆ. ಅದಕ್ಕೆ ಖರ್ಚಿಲ್ಲ. ಆದರೂ ಫೈರ್‌ವಾಲಿಗೆ ಚೆಕ್ ಬರೆದವರಲ್ಲಿ ಹಲವರು ಈ ಹಾಳೆಗೆ ಸಹಿ ಹಾಕಲು ಹಿಂದೇಟು ಹಾಕಿದ್ದಾರೆ.

ಕಿಟಕಿ ಪಕ್ಕದ ಕೀಪ್ಯಾಡ್ ಫೋನ್

ಬೆಂಗಳೂರಿನಲ್ಲಿ ಬರೆದ ಸುರಕ್ಷತೆಯ ನಿಯಮ ಘಟ್ಟದ ಮೇಲೆ ಹೇಗೆ ಸೊರಗುತ್ತದೆ ಎಂಬುದಕ್ಕೆ ಒಟಿಪಿಯಷ್ಟು ಸ್ಪಷ್ಟ ಉದಾಹರಣೆ ಇಲ್ಲ. ಒಟಿಪಿ ಬರುವ ಸಿಮ್ ಸೆಕ್ರೆಟರಿಯ ಕಿಸೆಯಲ್ಲಿರಬೇಕು. ಅವರ ಮನೆ ಇರುವ ಕಣಿವೆಯಲ್ಲಿ ಟವರೇ ಸಿಗುವುದಿಲ್ಲ, ಮಳೆಗಾಲದಲ್ಲಿ ಕರೆಂಟ್ ಹೋದರೆ ಟವರೂ ಮಲಗುತ್ತದೆ. ಕೆಲಸ ನಿಲ್ಲಬಾರದಲ್ಲ. ಆ ಸಿಮ್ಮನ್ನು ಒಂದು ಕೀಪ್ಯಾಡ್ ಫೋನಿಗೆ ಹಾಕಿ, ಕಚೇರಿಯಲ್ಲಿ ಸಿಗ್ನಲ್ ಸಿಗುವ ಕಿಟಕಿಯ ಪಕ್ಕ ಇಡುತ್ತಾರೆ. ಒಟಿಪಿ ಬಂದಾಗ ಹತ್ತಿರ ಇದ್ದವರು ಕೂಗಿ ಹೇಳುತ್ತಾರೆ. ಇಬ್ಬರ ಒಪ್ಪಿಗೆ ಬೇಕೆಂಬ ನಿಯಮ ಹೀಗೆ ಒಬ್ಬರ ಕೈಗೆ ಬಂದುಬಿಡುತ್ತದೆ. ಇದನ್ನು ಶಿಸ್ತಿಲ್ಲದವರ ಕೆಲಸ ಎಂದು ನಾನು ಹೇಳಲಾರೆ. ಊರಿನ ನೆಟ್‌ವರ್ಕಿಗೆ ಹೊಂದದ ಬೀಗ ಕೊಟ್ಟರೆ ಜನ ಬಾಗಿಲನ್ನೇ ತೆರೆದಿಡುತ್ತಾರೆ.

ಇಲ್ಲಿ ಎಷ್ಟು ಪಾಠ ಹೇಳಿದರೂ ಪ್ರಯೋಜನವಿಲ್ಲ, ಬೀಗ ಬದಲಿಸಬೇಕು. ಮೊಬೈಲಿನಲ್ಲಿ ಹಾಕಿಕೊಳ್ಳುವ ಅಥೆಂಟಿಕೇಟರ್ ಆ್ಯಪಿಗೆ ನೆಟ್‌ವರ್ಕೇ ಬೇಡ. ಮೊದಲ ದಿನ ಹಂಚಿಕೊಂಡ ಒಂದು ಗುಟ್ಟಿನ ಸಂಖ್ಯೆ ಮತ್ತು ಗಡಿಯಾರದ ಸಮಯ, ಇವೆರಡನ್ನು ಸೇರಿಸಿ ಫೋನೂ ಸರ್ವರೂ ಬೇರೆ ಬೇರೆಯಾಗಿ ಒಂದೇ ಆರು ಅಂಕಿಗಳನ್ನು ಲೆಕ್ಕ ಹಾಕುತ್ತವೆ. ಸಾಮಾನ್ಯವಾಗಿ 30 ಸೆಕೆಂಡಿಗೊಮ್ಮೆ ಅಂಕಿ ಬದಲಾಗುತ್ತದೆ. ಕಾಡಿನ ನಡುವೆ ಕೂತರೂ ಕೆಲಸ ಮಾಡುತ್ತದೆ. ಇದಕ್ಕಿಂತ ಗಟ್ಟಿಯಾದದ್ದು ಯುಎಸ್‌ಬಿಗೆ ಸಿಕ್ಕಿಸುವ ಸೆಕ್ಯುರಿಟಿ ಕೀ, ಒಂದಕ್ಕೆ ಕೆಲವು ಸಾವಿರ ರೂಪಾಯಿ. ಗೂಗಲ್ 2017ರಿಂದ ತನ್ನ 85,000ಕ್ಕೂ ಹೆಚ್ಚು ನೌಕರರಿಗೆ ಇಂಥ ಕೀ ಕಡ್ಡಾಯ ಮಾಡಿತು. ಅಲ್ಲಿಂದೀಚೆ ಕೆಲಸದ ಖಾತೆ ಮೋಸದ ಮೇಲ್‌ನಂಥ ಗಾಳಕ್ಕೆ, ಅಂದರೆ ಫಿಶಿಂಗ್‌ಗೆ ಬಲಿಯಾದದ್ದು ದೃಢಪಟ್ಟಿಲ್ಲ ಎಂದು 2018ರಲ್ಲಿ ಹೇಳಿತು. ಕೀ ಅಸಲಿ ಜಾಲತಾಣವನ್ನು ತಾನೇ ಗುರುತಿಸುತ್ತದೆ. ನಕಲಿ ಪುಟದಲ್ಲಿ ನೌಕರ ಮೋಸಹೋಗಿ ಪಾಸ್‌ವರ್ಡ್ ಕೊಟ್ಟರೂ ಕೀ ಬಾಯಿಬಿಡುವುದಿಲ್ಲ. ಬ್ಯಾಂಕಿನ ಒಟಿಪಿಯನ್ನು ನಾವು ಬದಲಿಸಲಾಗದು, ಅದು ಬ್ಯಾಂಕಿನ ತೀರ್ಮಾನ. ಆದರೆ ಕಚೇರಿಯ ಮೇಲ್, ಕ್ಲೌಡಿನ ಕಡತ, ದೂರದಿಂದ ಲಾಗಿನ್ ಆಗುವ ವ್ಯವಸ್ಥೆ ಇವೆಲ್ಲ ನಮ್ಮ ಕೈಯಲ್ಲೇ ಇವೆ.

ಹಾಗೆಯೇ 45 ದಿನಕ್ಕೊಮ್ಮೆ ಪಾಸ್‌ವರ್ಡ್ ಬದಲಿಸಿ ಎಂದು ಪೀಡಿಸುವುದನ್ನೂ ಬಿಡಬಹುದು. ಕಾರಣವಿಲ್ಲದೆ ಕಾಲಕಾಲಕ್ಕೆ ಬದಲಿಸಲು ಒತ್ತಾಯ ಬೇಡ ಎಂದು ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ 2017ರಲ್ಲೇ ಹೇಳಿದೆ. ಬದಲಿಸಿದವರೆಲ್ಲ ಕೊನೆಯ ಅಂಕಿ ಒಂದು ಕೂಡಿಸಿ, ಕೀಬೋರ್ಡಿನ ಕೆಳಗೆ ಚೀಟಿ ಅಂಟಿಸಿದ್ದನ್ನು ನಾನು ಕಂಡಿದ್ದೇನೆ.

ನಮ್ಮ ತಪ್ಪೇ ಇಲ್ಲದಾಗ

2024ರ ಜುಲೈ ಕೊನೆಯಲ್ಲಿ ದೇಶದ ಸುಮಾರು 300 ಸಣ್ಣ ಬ್ಯಾಂಕುಗಳ ಪಾವತಿ ಸೇವೆ ಏಕಾಏಕಿ ನಿಂತಿತು. ಹೆಚ್ಚಿನವು ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳು. ಅವುಗಳಿಗೆ ತಂತ್ರಜ್ಞಾನ ಒದಗಿಸುತ್ತಿದ್ದ ಸಿ-ಎಡ್ಜ್ ಟೆಕ್ನಾಲಜೀಸ್ ಮೇಲೆ, ಕಡತಗಳಿಗೆ ಬೀಗ ಜಡಿದು ಹಣ ಕೇಳುವ ರ‍್ಯಾನ್ಸಮ್‌ವೇರ್ ದಾಳಿಯಾಗಿತ್ತು. ಅದು ಹರಡದಂತೆ, ದೇಶದ ಚಿಲ್ಲರೆ ಪಾವತಿ ಜಾಲ ನಡೆಸುವ ಎನ್‌ಪಿಸಿಐ ಆ ಕಂಪನಿಯ ಸಂಪರ್ಕವನ್ನು ತಾತ್ಕಾಲಿಕವಾಗಿ ಕಡಿದು, ಜುಲೈ 31ರಂದು ಪ್ರಕಟಣೆ ಕೊಟ್ಟಿತು. ಆ ಬ್ಯಾಂಕುಗಳ ಕೌಂಟರಿನಲ್ಲಿ ಕೂತವರು ಯಾವ ಲಿಂಕನ್ನೂ ಒತ್ತಿರಲಿಲ್ಲ. ಅವರಿಗೆ ಎಷ್ಟು ಪಾಠ ಹೇಳಿದ್ದರೂ, ಅವರ ಕಚೇರಿಯಲ್ಲಿ ಎಂಥ ಫೈರ್‌ವಾಲ್ ಇದ್ದರೂ ಆ ದಿನದ ಕಥೆ ಬದಲಾಗುತ್ತಿರಲಿಲ್ಲ.

ಹೊರಗಿನವರ ಮೂಲಕ ಬರುವ ಈ ಅಪಾಯ ನಮ್ಮಲ್ಲಿ ಇನ್ನೂ ಸಲೀಸಾಗಿ ಒಳಬರುತ್ತದೆ. ಲೆಕ್ಕದ ಸಾಫ್ಟ್‌ವೇರ್ ಕೊಟ್ಟವರು ದುರಸ್ತಿಗೆಂದು ದೂರದಿಂದ ಕಂಪ್ಯೂಟರ್ ಹಿಡಿಯುವ ಆ್ಯಪನ್ನು ಹಾಕಿರುತ್ತಾರೆ. ಅದಕ್ಕೆ ಶಾಶ್ವತ ಪಾಸ್‌ವರ್ಡ್ ಇಟ್ಟು, ಹತ್ತು ಕಚೇರಿಗೂ ಅದೇ ಪಾಸ್‌ವರ್ಡ್ ಇಟ್ಟು ಹೋಗಿರುತ್ತಾರೆ. ಕೆಲಸವಿದ್ದಾಗ ಮಾತ್ರ ತೆರೆದು, ಮುಗಿದ ಮೇಲೆ ಮುಚ್ಚಿಸುವುದು ಐದು ನಿಮಿಷದ ಕೆಲಸ. ಕೇಳಲು ದಾಕ್ಷಿಣ್ಯ, ಅಷ್ಟೇ.

ಇದು ಈಗ ಹೆಚ್ಚು ಮುಖ್ಯವಾಗಿರುವುದಕ್ಕೆ ಕಾರಣವಿದೆ. ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಗಣಕೀಕರಿಸುವ 2,516 ಕೋಟಿ ರೂಪಾಯಿಯ ಯೋಜನೆಗೆ ಕೇಂದ್ರ ಸರ್ಕಾರ 2022ರ ಜೂನಿನಲ್ಲಿ ಒಪ್ಪಿಗೆ ಕೊಟ್ಟಿತು. ಲೆಡ್ಜರಿನಲ್ಲಿದ್ದ ಸಂಘಗಳು ಈಗ ಒಂದೇ ಜಾಲಕ್ಕೆ ಬರುತ್ತಿವೆ. ಇದು ಒಳ್ಳೆಯದೇ, ರೈತರಿಗೆ ಬೇಕಾದದ್ದೇ. ಆದರೆ ಪಟ್ಟಣ ಸಹಕಾರ ಬ್ಯಾಂಕುಗಳಿಗೆ ರಿಸರ್ವ್ ಬ್ಯಾಂಕ್ 2018ರಲ್ಲಿ ಸೈಬರ್ ಭದ್ರತೆಯ ಮೂಲ ಚೌಕಟ್ಟು ಕೊಟ್ಟು, 2019ರ ಕೊನೆಗೆ ಅದನ್ನು ನಾಲ್ಕು ಹಂತವಾಗಿ ವಿಂಗಡಿಸಿದೆ. ಪ್ರಾಥಮಿಕ ಸಂಘಗಳು ಆ ವ್ಯಾಪ್ತಿಯಲ್ಲಿಲ್ಲ. ಒಂದೇ ಬೀದಿಯಲ್ಲಿ ಎದುರುಬದುರಾಗಿರುವ ಎರಡು ಸಂಸ್ಥೆಗಳಲ್ಲಿ ಒಂದಕ್ಕೆ ಪಟ್ಟಿ ಹಿಡಿದು ಕೇಳುವವರಿದ್ದಾರೆ, ಇನ್ನೊಂದಕ್ಕೆ ಸೆಕ್ರೆಟರಿಯ ಮುನ್ನೆಚ್ಚರಿಕೆಯೇ ಗತಿ.

ಹಾಗಿದ್ದೂ ಫೈರ್‌ವಾಲಿನ ಪೆಟ್ಟಿಗೆಯೇ ಏಕೆ ಮೊದಲು ಬರುತ್ತದೆ? ಲೆಕ್ಕಪುಸ್ತಕ ಇಟ್ಟವರಿಗೆ ಇದು ಗೊತ್ತು. ಫೈರ್‌ವಾಲ್ ಕೊಂಡರೆ ಡೆಡ್‌ಸ್ಟಾಕ್ ಪುಸ್ತಕದಲ್ಲಿ ಒಂದು ನಂಬರು ಬೀಳುತ್ತದೆ, ಆಸ್ತಿಯಾಗುತ್ತದೆ, ಆಡಿಟರ್ ಬಂದಾಗ ಕೈಮಾಡಿ ತೋರಿಸಬಹುದು. ಟ್ರೈನಿಂಗ್ ಬರೀ ಖರ್ಚು. ಹಾಗಾಗಿ ಅದಕ್ಕೂ ತೋರಿಸಲೊಂದು ಸರ್ಟಿಫಿಕೇಟ್ ಬೇಕಾಗುತ್ತದೆ, ಗೋಡೆಗೆ ಫ್ರೇಮ್ ಏರುತ್ತದೆ. ವಾರಕ್ಕೆ ಎರಡು ಗಂಟೆ ಒಬ್ಬ ನೌಕರ ಬ್ಯಾಕಪ್ ಸರಿಯಿದೆಯೇ ಎಂದು ನೋಡುವುದು ಯಾವ ಪುಸ್ತಕದಲ್ಲೂ ಕಾಣುವುದಿಲ್ಲ. ನನ್ನ ಅನುಭವದಲ್ಲಿ ನಮ್ಮ ಸಂಸ್ಥೆಗಳಿಗೆ ಯಂತ್ರಕ್ಕಿಂತಲೂ ಪಾಠಕ್ಕಿಂತಲೂ ದೊಡ್ಡ ಕೊರತೆ ಇರುವುದು ಈ ಎರಡು ಗಂಟೆಯದು.

ಒಂದೊಂದು ಸೊಸೈಟಿಯೂ ಇದಕ್ಕೆ ಒಬ್ಬ ತಂತ್ರಜ್ಞರನ್ನು ಇಟ್ಟುಕೊಳ್ಳಲಾಗದು, ನಿಜ. ಹತ್ತು ಸೊಸೈಟಿ ಸೇರಿದರೆ ಆಗುತ್ತದೆ. ಲಾಭದಲ್ಲಿ ಒಂದು ಪಾಲನ್ನು ಸಹಕಾರ ಶಿಕ್ಷಣ ನಿಧಿಗೆ ಕೊಡುವ ಪದ್ಧತಿ ನಮ್ಮಲ್ಲಿ ಮೊದಲಿನಿಂದ ಇದೆ. ಸಿಬ್ಬಂದಿಗೆ, ನಿರ್ದೇಶಕರಿಗೆ ತರಬೇತಿ ಕೊಡಲು ಜಿಲ್ಲಾ ಸಹಕಾರ ಯೂನಿಯನ್‌ಗಳಿವೆ. ತಾಲ್ಲೂಕಿಗೊಬ್ಬ ಸಂಚಾರಿ ತಂತ್ರಜ್ಞ ಎಂಬ ಏರ್ಪಾಡನ್ನು ಶಿವಮೊಗ್ಗ ಜಿಲ್ಲೆಯಲ್ಲಿ ಮೊದಲು ಮಾಡಿ ನೋಡಬಹುದು. ಅಡಿಕೆಯನ್ನು ಒಟ್ಟಾಗಿ ಮಾರಲು ಕಲಿತ ಊರಿನವರಿಗೆ ಇದು ಹೊಸ ಯೋಚನೆಯಲ್ಲ.

ಆ ಎರಡು ಲಕ್ಷ

ಹೊಸನಗರದ ಸೆಕ್ರೆಟರಿಯ ಪ್ರಶ್ನೆಗೆ ಬರುತ್ತೇನೆ. ಎರಡನೇ ಸಲ ಹೋದಾಗ ಇಬ್ಬರೂ ಕೂತು ಪಟ್ಟಿ ಮಾಡಿದೆವು. ಎರಡು ಯಂತ್ರಗಳು ವಿಂಡೋಸ್ 10ರಲ್ಲೇ ಇದ್ದವು. ಅದಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹೊಸದಕ್ಕೆ ಏರಿಸಲಾಗದಷ್ಟು ಹಳೆಯ ಯಂತ್ರಗಳು ಅವು. ದೊಡ್ಡ ಪಾಲು ಅವುಗಳನ್ನು ಬದಲಿಸುವುದಕ್ಕೇ ಹೋಯಿತು. ಮೂರು ಸೆಕ್ಯುರಿಟಿ ಕೀ. ಎರಡು ಹಾರ್ಡ್‌ಡಿಸ್ಕ್. ಫೈರ್‌ವಾಲನ್ನು ಈ ವರ್ಷಕ್ಕೆ ಕೈಬಿಟ್ಟೆವು, ಏಕೆಂದರೆ ಅದರ ಎಚ್ಚರಿಕೆ ಓದುವವರು ಅಲ್ಲಿ ಇನ್ನೂ ಇಲ್ಲ. ಸರ್ಟಿಫಿಕೇಟಿನ ಟ್ರೈನಿಂಗನ್ನೂ ಕೈಬಿಟ್ಟೆವು. ಅದರ ಬದಲು ತಿಂಗಳ ಮೊದಲ ಶನಿವಾರ ಬಾಗಿಲು ತೆರೆಯುವ ಮೊದಲು ಇಪ್ಪತ್ತು ನಿಮಿಷ ಎಲ್ಲರೂ ನಿಂತು ಮಾತಾಡುವುದು, ಆ ತಿಂಗಳು ಯಾರಿಗೆ ಎಂಥ ಮೇಲ್ ಬಂತು, ಎಂಥ ಕರೆ ಬಂತು ಎಂದು. ಪಿಗ್ಮಿ ಸಂಗ್ರಹಿಸುವ ಹುಡುಗರೂ ಬರಬೇಕು, ಊರಿನ ಹೊಸ ಮೋಸ ಮೊದಲು ಗೊತ್ತಾಗುವುದು ಅವರಿಗೇ. ಒಂದಿಷ್ಟು ದುಡ್ಡನ್ನು ಯಾವುದಕ್ಕೂ ಹಾಕದೆ ಮೀಸಲು ಇಟ್ಟೆವು.

ಹಾರ್ಡ್‌ಡಿಸ್ಕ್ ಎರಡು ಏಕೆ ಎಂದು ಅಧ್ಯಕ್ಷರು ಕೇಳಿದರು. ಅವರಿಗೆ ಮೇರ್ಸ್ಕ್ ಹಡಗು ಕಂಪನಿಯ ಸಂಗತಿ ಹೇಳಿದೆ. 2017ರ ಜೂನ್ 27ರಂದು ನಾಟ್‌ಪೆಟ್ಯಾ ಎಂಬ ವೈರಸ್ ದಾಳಿಯಲ್ಲಿ ಅವರ ಜಾಲವನ್ನು ಹಿಡಿದಿಟ್ಟಿದ್ದ ಸುಮಾರು 150 ಮೂಲ ಸರ್ವರುಗಳು ಅಳಿಸಿಹೋದವು. ಒಂದರ ನಕಲು ಇನ್ನೊಂದರಲ್ಲಿತ್ತು, ಎಲ್ಲವೂ ಜಾಲದಲ್ಲೇ ಇದ್ದದ್ದರಿಂದ ಎಲ್ಲವೂ ಹೋದವು. ಉಳಿದದ್ದು ಆಫ್ರಿಕದ ಘಾನಾದ್ದೊಂದೇ. ದಾಳಿಯ ಹೊತ್ತಿಗೆ ಅಲ್ಲಿ ಕರೆಂಟ್ ಹೋಗಿ ಆ ಸರ್ವರ್ ಜಾಲದಿಂದ ಹೊರಗಿತ್ತು. ಅದರಿಂದಲೇ ಇಡೀ ಕಂಪನಿಯನ್ನು ಮತ್ತೆ ಎಬ್ಬಿಸಿದರು. ದಿನ ಬಿಟ್ಟು ದಿನ ಕರೆಂಟ್ ಹೋಗುವ ಊರಿನ ಅಧ್ಯಕ್ಷರಿಗೆ ಇದು ತಟ್ಟನೆ ಅರ್ಥವಾಯಿತು. ಒಂದು ಡಿಸ್ಕ್ ಕಂಪ್ಯೂಟರಿನಲ್ಲಿ, ಇನ್ನೊಂದು ತಂತಿ ಕಿತ್ತು ಲಾಕರಿನಲ್ಲಿ, ದಿನವೂ ಅದಲುಬದಲು.

ಒಂದು ಭಾನುವಾರ ಎಲ್ಲವೂ ಹೋಯಿತು ಎಂದುಕೊಂಡು, ಲಾಕರಿನ ಡಿಸ್ಕಿನಿಂದ ಹೊಸ ಯಂತ್ರಕ್ಕೆ ಲೆಕ್ಕಪತ್ರ ಮರಳಿ ತರುವ ಪ್ರಯೋಗ ಮಾಡಿದೆವು. ನಾಲ್ಕು ಗಂಟೆ ಹಿಡಿಯಿತು. ಗುರುವಾರದವರೆಗಿನದು ಬಂತು, ಶುಕ್ರವಾರದ್ದು ಇರಲಿಲ್ಲ. ಡಿಸ್ಕ್ ಬದಲಿಸುವ ಜವಾಬ್ದಾರಿ ಹೊತ್ತ ಹುಡುಗ ಶುಕ್ರವಾರ ತಂಗಿಯ ನಿಶ್ಚಿತಾರ್ಥಕ್ಕೆ ರಜೆ ಹಾಕಿದ್ದ. ಅವನಿಲ್ಲದ ದಿನ ಯಾರು ಎಂದು ಯಾರೂ ಯೋಚಿಸಿರಲಿಲ್ಲ. ಅವನನ್ನು ಯಾರೂ ಬೈಯಲಿಲ್ಲ. ಕ್ಯಾಷಿಯರ್ ಅಕ್ಕ ಎದ್ದು ಕ್ಯಾಲೆಂಡರಿನಲ್ಲಿ ಪ್ರತಿ ವಾರಕ್ಕೂ ಎರಡೆರಡು ಹೆಸರು ಬರೆದರು. "ಮುಂದಿನ ಸಲ ನೀವು ಬರೋದು ಬೇಡ," ಎಂದರು ನನಗೆ, "ನಾವೇ ಮಾಡಿ ನೋಡ್ತೀವಿ, ಎಲ್ಲಾದ್ರೂ ನಿಂತ್ರೆ ಫೋನ್ ಮಾಡ್ತೀವಿ." ದೀಪಾವಳಿ ಕಳೆದ ಮೇಲಿನ ಮೊದಲ ಭಾನುವಾರಕ್ಕೆ ಗುರುತು ಹಾಕಿಕೊಂಡಿದ್ದಾರೆ.